ಸತ್ತರೆ ನಾಲ್ಕು ಲಕ್ಷ, ಕಾಲು ಮುರಿದರೆ? ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಕಾರ್ಮಿಕ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಯ ಎಲ್ಲ ಸದಸ್ಯರು
ಬೆಂಗಳೂರು

ವಿಷಯ: ಕೆಲಸದ ವೇಳೆ ಗಾಯಗೊಂಡ ಡೆಲಿವರಿ ಕೆಲಸಗಾರರಿಗೆ ಗುಣವಾಗುವವರೆಗೆ ಜೀವನ ಭತ್ಯೆ ಹಾಗೂ ಕಂಪನಿಯ ದಾಖಲೆಗಳನ್ನು ಕೊಡಿಸುವ ಬಗ್ಗೆ.

ಮಾನ್ಯರೇ,

ನಾನು ಬೆಂಗಳೂರಿನಲ್ಲಿ ಬೈಕಿನ ಮೇಲೆ ಊಟ, ದಿನಸಿ ತಲುಪಿಸುವ ಕೆಲಸಗಾರ. ಈ ಕೆಲಸಕ್ಕೆ ಬರುವ ಮೊದಲು ವಕೀಲರೊಬ್ಬರ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ವಾಹನ ಅಪಘಾತದ ಪರಿಹಾರ ಅರ್ಜಿಗಳನ್ನು ಟೈಪ್ ಮಾಡುವುದು, ಪುಟಗಳಿಗೆ ನಂಬರ್ ಹಾಕುವುದು, ಕೋರ್ಟಿನ ಕೌಂಟರಿಗೆ ಒಯ್ದು ಸಲ್ಲಿಸುವುದು ನನ್ನ ಪಾಲಿಗಿತ್ತು. ಈ ವಿಷಯ ನಮ್ಮ ಏರಿಯಾದ ರೈಡರ್‌ಗಳ ವಾಟ್ಸ್‌ಆ್ಯಪ್ ಗುಂಪಿಗೆಲ್ಲ ಗೊತ್ತು. ಹಾಗಾಗಿ ಯಾರು ಎಲ್ಲಿ ಬಿದ್ದರೂ ಡಿಸ್ಚಾರ್ಜ್ ಚೀಟಿ, ಪೊಲೀಸರ ಕಾಗದ, ವಿಮೆಯವರ ಪತ್ರ ಎಲ್ಲ ಕೊನೆಗೆ ನನ್ನ ಮೊಬೈಲಿಗೆ ಫೋಟೊಗಳಾಗಿ ಬರುತ್ತವೆ. ಆ ಕಾಗದಗಳನ್ನು ನೋಡಿ ನೋಡಿ ಮನಸ್ಸಿನಲ್ಲಿ ಉಳಿದದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಸಲ್ಲಬೇಕಾದ ಮಾತು ಸಲ್ಲಲಿ. 2023ರಲ್ಲಿ ರಾಜಸ್ಥಾನ ದಾರಿ ತೋರಿಸಿದ ಮೇಲೆ, 2025ರಲ್ಲಿ ನಮ್ಮ ರಾಜ್ಯವೂ ಗಿಗ್ ಕಾರ್ಮಿಕರಿಗಾಗಿ, ಅಂದರೆ ಆ್ಯಪ್ ಮೂಲಕ ಕೆಲಸ ಪಡೆಯುವ ನಮ್ಮಂಥವರಿಗಾಗಿ, ಪ್ರತ್ಯೇಕ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ನಮಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅದರಲ್ಲಿ ಅವಕಾಶವಿದೆ. ಕಾರಣ ಹೇಳದೆ, 14 ದಿನ ಮುಂಚಿತವಾಗಿ ತಿಳಿಸದೆ ಆ್ಯಪ್‌ನಲ್ಲಿರುವ ನಮ್ಮ ಐಡಿ ಕಿತ್ತುಹಾಕಬಾರದು ಎಂಬ ಮಾತೂ ಇದೆ. ಅದಕ್ಕೂ ಮೊದಲೇ 2023ರ ಬಜೆಟ್‌ನಲ್ಲಿ 2 ಲಕ್ಷದ ಜೀವ ವಿಮೆ, 2 ಲಕ್ಷದ ಅಪಘಾತ ವಿಮೆ ಎಂದು ಒಟ್ಟು 4 ಲಕ್ಷ ರೂಪಾಯಿಯ ರಕ್ಷಣೆ ಘೋಷಿಸಿ, ಕಂತನ್ನು ಸರ್ಕಾರವೇ ಕಟ್ಟುವುದಾಗಿ ಹೇಳಿತು. ಇವುಗಳಲ್ಲಿ ಯಾವುದನ್ನೂ ನಾವು ಹಗುರಾಗಿ ನೋಡಿಲ್ಲ.

ಆದರೆ ನನ್ನ ಬಳಿಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ಸಾವಿನವಲ್ಲ, ಕೈಕಾಲು ಕಳೆದುಕೊಂಡವರವೂ ಅಲ್ಲ. ಮೊಣಕಾಲ ಕೆಳಗಿನ ಮೂಳೆ ಮುರಿದು ರಾಡ್ ಹಾಕಿಸಿಕೊಂಡವರು, ಹೆಗಲ ಮೂಳೆ ಬಿರುಕು ಬಿಟ್ಟವರು, ಮಣಿಕಟ್ಟಿಗೆ ಪ್ಲೇಟ್ ಕೂತವರು. ಎರಡು ತಿಂಗಳೋ ಮೂರು ತಿಂಗಳೋ ಮಲಗಿ, ಮತ್ತೆ ಎದ್ದು ಬ್ಯಾಗ್ ಹೆಗಲಿಗೇರಿಸುವವರು. ಇವರಿಗೆ ಆಸ್ಪತ್ರೆ ಖರ್ಚು ಹೇಗೋ ಒಂದಷ್ಟು ಹೊಂದಿಸಬಹುದು. ದುಡಿಮೆಯಿಲ್ಲದ ಆ ತಿಂಗಳುಗಳಿಗೆ ಮಾತ್ರ ಸರ್ಕಾರದ ಯಾವ ಯೋಜನೆಯಲ್ಲೂ ಲೆಕ್ಕವಿಲ್ಲ. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಮುಖ್ಯವಾಗಿ ಇದೊಂದನ್ನೇ.

ನಡೆದದ್ದನ್ನು ಹೇಳುತ್ತೇನೆ. ಕಲಬುರಗಿ ಕಡೆಯ ಹುಡುಗನೊಬ್ಬ ಮಳೆಗಾಲದ ಒಂದು ರಾತ್ರಿ ಆರ್ಡರ್ ತಲುಪಿಸಿ ಸ್ಟೋರಿಗೆ ಹಿಂತಿರುಗುತ್ತಿದ್ದ. ಅಗೆದು ಅರೆಬರೆ ಮುಚ್ಚಿದ್ದ ರಸ್ತೆಯ ಜಲ್ಲಿಯ ಮೇಲೆ ಬೈಕ್ ಜಾರಿತು. ಕಾಲು ಮುರಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಅದಕ್ಕೆ ದೂರಿಲ್ಲ. ಮೂರು ತಿಂಗಳು ಕಾಲಿನ ಮೇಲೆ ಭಾರ ಹಾಕಬಾರದು ಎಂದರು ಡಾಕ್ಟರು. ಕಂಪನಿಯ ವಿಮೆಗೆ ಅರ್ಜಿ ಹಾಕಿದಾಗ ಬಂದ ಉತ್ತರ: ಅಪಘಾತದ ಹೊತ್ತಿನಲ್ಲಿ ನಿಮ್ಮ ಹೆಸರಲ್ಲಿ ಆರ್ಡರ್ ಇರಲಿಲ್ಲ. ನಿಜ, ಇರಲಿಲ್ಲ. ತಲುಪಿಸಿ ಐದು ನಿಮಿಷವಾಗಿತ್ತು. ಹೋಗುವಾಗ ಬಿದ್ದಿದ್ದರೆ ಕೆಲಸ, ಬರುವಾಗ ಬಿದ್ದರೆ ಸ್ವಂತ ವ್ಯವಹಾರ! ಬೈಕಿನ ಸಾಲದ ಕಂತು ನಿಲ್ಲಲಿಲ್ಲ, ಬಾಡಿಗೆ ನಿಲ್ಲಲಿಲ್ಲ. ಅವನ ಹೆಂಡತಿ ಪಿಜಿಯೊಂದರ ಅಡುಗೆಮನೆಗೆ ಕೆಲಸಕ್ಕೆ ಸೇರಿದಳು. ಅವನು ಎದ್ದು ಓಡಾಡುವಂತಾಗಿ ಆ್ಯಪ್ ತೆರೆದರೆ, ಬಹಳ ದಿನ ಲಾಗಿನ್ ಆಗಿಲ್ಲವೆಂದು ಐಡಿ ನಿಂತುಹೋಗಿತ್ತು. ಹೊಸಬನಂತೆ ಮತ್ತೆ ಸೇರಿ, ಮೊದಲಿನ ದರ್ಜೆ, ಅದರ ಇನ್ಸೆಂಟಿವ್ ಎಲ್ಲ ಬಿಟ್ಟು ಶುರುಮಾಡಬೇಕಾಯಿತು.

ಕಾನೂನಿನಲ್ಲಿ ದಾರಿಗಳೇ ಇಲ್ಲವೇ ಎಂದು ತಾವು ಕೇಳಬಹುದು. ಇವೆ. ಆ ಹುಡುಗನ ಜೊತೆ ಒಂದೊಂದನ್ನೂ ತಟ್ಟಿ ನೋಡಿದವನು ನಾನು.

ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ನಿನಲ್ಲಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ಚಿಕಿತ್ಸೆಯ ಖರ್ಚು, ನೋವಿಗೆ ಪರಿಹಾರ, ಮಲಗಿದ್ದ ಅವಧಿಯ ಆದಾಯ ನಷ್ಟ ಎಲ್ಲ ಸಿಗುತ್ತವೆ. ಆದರೆ ಎದುರಿಗೊಂದು ವಾಹನ ಇರಬೇಕು, ತಪ್ಪು ಅದರ ಚಾಲಕನದು ಎಂದು ತೋರಿಸಬೇಕು. 164ನೇ ಸೆಕ್ಷನ್ನಿನಲ್ಲಿ ತಪ್ಪು ಯಾರದೆಂಬ ಚರ್ಚೆಯಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಇದೆ. ಅದೂ ಇನ್ನೊಂದು ವಾಹನದ ಮಾಲೀಕನಿಂದ ಅಥವಾ ಅದರ ವಿಮೆಯಿಂದ ಬರಬೇಕಾದದ್ದು. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಕೊಡುವ ಯೋಜನೆಯಿದೆ. ಗುದ್ದಿದವರೇ ಇಲ್ಲದೆ ಗುಂಡಿಗೆ, ಜಲ್ಲಿಗೆ ಬಿದ್ದವನಿಗೆ ಈ ಮೂರರಲ್ಲಿ ಒಂದೂ ಒದಗುವುದಿಲ್ಲ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ‘ಸೆಲ್ಫ್ ಫಾಲ್’ (ತಾನೇ ಬಿದ್ದದ್ದು) ಎಂದು ಬರೆದ ಕೂಡಲೇ ಅವನ ಪಾಲಿಗೆ ನ್ಯಾಯಮಂಡಳಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆಯೇ. ರಸ್ತೆ ಅಗೆದು ಹಾಗೇ ಬಿಟ್ಟವರನ್ನು ಹಿಡಿಯುವುದು ಬೇರೆಯೇ ಪುರಾಣ. ಅದನ್ನು ಇನ್ನೊಂದು ಪತ್ರಕ್ಕೆ ಬಿಡುತ್ತೇನೆ.

ಉಳಿದದ್ದು ಅವನ ಸ್ವಂತ ಬೈಕಿನ ವಿಮೆ. ಮಾಲೀಕನೇ ಚಾಲಕನಾಗಿದ್ದರೆ 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಕಡ್ಡಾಯವಾಗಿ ಬಂದದ್ದು 2018ರಲ್ಲಿ. ಪಾಲಿಸಿಯ ಸಣ್ಣಕ್ಷರ ಓದಿದರೆ ಅದರಲ್ಲಿರುವುದು ಸಾವು, ಎರಡು ಅಂಗ ಹೋದರೆ ಇಷ್ಟು, ಒಂದು ಅಂಗ ಅಥವಾ ಒಂದು ಕಣ್ಣು ಹೋದರೆ ಅರ್ಧ, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಪೂರ್ತಿ. ಮುರಿದು ಮತ್ತೆ ಕೂಡಿದ ಮೂಳೆಗೆ ಸೊನ್ನೆ. ಇದರ ಮೇಲೆ, ಖಾಸಗಿ ದ್ವಿಚಕ್ರ ವಾಹನದ ಪಾಲಿಸಿಯಲ್ಲಿ ಬಾಡಿಗೆಗಾಗಿ ಅಥವಾ ಸರಕು ಸಾಗಿಸಲು ವಾಹನ ಬಳಸುವಂತಿಲ್ಲ ಎಂಬ ಷರತ್ತು ಇರುತ್ತದೆ. ಬೆನ್ನ ಮೇಲೆ ಕಂಪನಿಯ ಬ್ಯಾಗ್ ಇದ್ದ ಫೋಟೊ ವಿಮೆಯವರ ಕೈಗೆ ಸಿಕ್ಕರೆ ಬೈಕ್ ರಿಪೇರಿಯ ಕ್ಲೇಮಿಗೂ ಕುತ್ತು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಆರ್‌ಸಿ, ಲೈಸೆನ್ಸ್, ವಿಮೆಯ ಪ್ರತಿ ಎಲ್ಲವನ್ನೂ ಅಪ್‌ಲೋಡ್ ಮಾಡಿಸಿಕೊಳ್ಳುವ ಕಂಪನಿಗಳು ಈ ಷರತ್ತಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ರಾಜ್ಯದ 4 ಲಕ್ಷದ ವಿಮೆಯ ಕಟ್ಟೂ ಇದೇ: ಜೀವ ಮತ್ತು ಅಪಘಾತ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಗಿಗ್ ಕಾರ್ಮಿಕರಿಗಾಗಿ ಇರುವ 114ನೇ ಸೆಕ್ಷನ್ ಜೀವ ಮತ್ತು ಅಂಗವೈಕಲ್ಯ ರಕ್ಷಣೆ, ಅಪಘಾತ ವಿಮೆ, ಆರೋಗ್ಯ ಮತ್ತು ಹೆರಿಗೆ ಸೌಲಭ್ಯ, ವೃದ್ಧಾಪ್ಯದ ಭದ್ರತೆ, ಶಿಶುಪಾಲನೆ ಎಂದು ಹೆಸರಿಸುತ್ತದೆ. ಅದಕ್ಕಾಗಿ ಕಂಪನಿಗಳ ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟು ವಂತಿಗೆಯನ್ನೂ ಹೇಳುತ್ತದೆ. ಗುಣವಾಗುವವರೆಗಿನ ಕೂಲಿಯ ಹೆಸರು ಅಲ್ಲೂ ಕಾಣುವುದಿಲ್ಲ.

ಇದು ಯಾರಿಗೂ ಹೊಳೆಯದ ಹೊಸ ವಿಚಾರವೇನಲ್ಲ. ಬ್ರಿಟಿಷರ ಕಾಲದ 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲೇ ತಾತ್ಕಾಲಿಕ ಅಶಕ್ತತೆಗೆ ಹದಿನೈದು ದಿನಕ್ಕೊಮ್ಮೆ ಹಣ ಕೊಡಬೇಕೆಂಬ ನಿಯಮವಿತ್ತು. ಅದರ ಈಚಿನ ರೂಪದಲ್ಲಿ ಪ್ರತಿ ಅರ್ಧ ತಿಂಗಳಿಗೆ ಮಾಸಿಕ ಸಂಬಳದ ಶೇ 25, ಗರಿಷ್ಠ ಐದು ವರ್ಷದವರೆಗೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು 2020ರ ಜನವರಿಯಲ್ಲಿ 15 ಸಾವಿರಕ್ಕೆ ಏರಿಸಿದರು. ಅಂದರೆ ತಿಂಗಳಿಗೆ ಏಳೂವರೆ ಸಾವಿರ ರೂಪಾಯಿ. ಬೆಂಗಳೂರಿನಲ್ಲಿ ಅದು ಬಾಡಿಗೆಗೂ ಸಾಲದು, ಆದರೂ ಅಕ್ಕಿಬೇಳೆಗಾದರೂ ಆದೀತು. ತಪ್ಪು ಯಾರದು ಎಂದು ಅಲ್ಲಿ ಕೇಳುವುದಿಲ್ಲ. ಕೆಲಸದಿಂದ, ಕೆಲಸದ ವೇಳೆಯಲ್ಲಿ ಆದ ಅಪಘಾತವಾದರೆ ಸಾಕು. ತಡ ಮಾಡಿದರೆ ಶೇ 12ರ ಬಡ್ಡಿ, ಮೇಲೆ ಶೇ 50ರವರೆಗೆ ದಂಡ. ಜಲ್ಲಿಯ ಮೇಲೆ ಜಾರಿ ಬಿದ್ದವನಿಗೆ ಸರಿಯಾಗಿ ಹೊಂದುವ ಕಾನೂನು ಯಾವುದಾದರೂ ಇದ್ದರೆ ಅದು ಇದೊಂದೇ. ಈಗ ಇದರ ತಿರುಳು ಅದೇ ಸಂಹಿತೆಯ ಏಳನೇ ಅಧ್ಯಾಯದಲ್ಲಿದೆ, ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯ ಅಪಘಾತವನ್ನೂ ಅದು ಒಳಗೊಳ್ಳುತ್ತದೆ. ಮೋಟಾರು ವಾಹನ ಓಡಿಸುವ ಕೆಲಸಕ್ಕೆ ಈ ಕಾನೂನು ಹಿಂದಿನಿಂದಲೂ ಅನ್ವಯಿಸುತ್ತಿದೆ. ಅಡ್ಡಿಯಿರುವುದು ಒಂದೇ ಕಡೆ: ಇದು ‘ಉದ್ಯೋಗಿ’ಗೆ ಮಾತ್ರ. ನಾವು ಫೋನಿನಲ್ಲಿ ಒಪ್ಪಿಗೆಯ ಬಟನ್ ಒತ್ತಿದ ಒಪ್ಪಂದದಲ್ಲಿ, ನೀವು ಉದ್ಯೋಗಿಯಲ್ಲ ಎಂದು ಬರೆದಿರುತ್ತದೆ.

ಇದರ ವಿಚಿತ್ರ ನೋಡಬೇಕೆಂದರೆ ಯಾವುದಾದರೂ ದಿನಸಿ ಸ್ಟೋರಿಗೆ ಬನ್ನಿ. ಒಳಗೆ ಸಾಮಾನು ಜೋಡಿಸಿ ಕವರಿಗೆ ಹಾಕುವ ಹುಡುಗ ಗುತ್ತಿಗೆದಾರನ ಪಟ್ಟಿಯಲ್ಲಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುತ್ತಿದ್ದರೆ, ಕಾಲು ಮುರಿದಾಗ ಗುಣವಾಗುವವರೆಗೂ ದಿನಗೂಲಿಯ ಸುಮಾರು ಶೇ 90 ಅವನ ಖಾತೆಗೆ ಬರುತ್ತದೆ. ಅದೇ ಕವರನ್ನು ಅವನ ಕೈಯಿಂದ ಪಡೆದು ರಸ್ತೆಗಿಳಿಯುವವನಿಗೆ ಆ ಹಕ್ಕಿಲ್ಲ. ಅಪಾಯ ಹೆಚ್ಚು ಇರುವುದು ಕಪಾಟಿನ ಮುಂದೆಯೋ, ರಿಂಗ್ ರೋಡಿನ ಮೇಲೆಯೋ?

ಉದ್ಯೋಗಿ ಹೌದೋ ಅಲ್ಲವೋ ಎಂಬ ವಾದ ನಡೆಯುತ್ತಿರಲಿ. 1978ರಲ್ಲಿ ಗುತ್ತಿಗೆ ಕಾರ್ಮಿಕರ ಹುಸೇನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಕಾಗದದ ಒಪ್ಪಂದ ಏನೇ ಹೇಳಲಿ, ದುಡಿಯುವವನ ಹೊಟ್ಟೆಪಾಡು ಯಾರ ಹಿಡಿತದಲ್ಲಿದೆ ಎಂಬುದನ್ನು ಮುಸುಕು ಸರಿಸಿ ನೋಡಬೇಕು ಎಂಬ ಅರ್ಥದಲ್ಲಿ ತೀರ್ಪು ಬರೆದರು. ನಮ್ಮ ಹೊಟ್ಟೆಪಾಡು ಯಾರ ಹಿಡಿತದಲ್ಲಿದೆ ಎಂಬುದಕ್ಕೆ ಸಂಶೋಧನೆ ಬೇಕಿಲ್ಲ. ಆದರೆ ಆ ದೊಡ್ಡ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗುವವರೆಗೆ ಮುರಿದ ಮೂಳೆಗಳು ಕಾಯುವುದಿಲ್ಲ. ಆ ತನಕ ರಾಜ್ಯದ ಕೈಯಲ್ಲಿ ಒಂದು ಕಾಯ್ದೆ, ಒಂದು ಮಂಡಳಿ, ಒಂದು ನಿಧಿ ಇವೆ. ಉದ್ಯೋಗಿ ಎಂದು ಒಪ್ಪದೆಯೂ ಇವುಗಳಿಂದ ಮಾಡಬಹುದಾದದ್ದು ಬಹಳ ಇದೆ.

ಇನ್ನು ದಾಖಲೆಗಳ ವಿಷಯ. ಪರಿಹಾರದ ಮೊಕದ್ದಮೆ ನಿಲ್ಲುವುದು, ಬೀಳುವುದು ಕಾಗದದ ಮೇಲೆ ಎಂಬುದನ್ನು ಗುಮಾಸ್ತನಾಗಿ ಕಂಡವನು ನಾನು. ದಿನಸಿ ತಲುಪಿಸುವ ಒಬ್ಬ ಹೆಣ್ಣುಮಗಳು ನಿಂತ ಕಾರಿನ ಬಾಗಿಲು ಏಕಾಏಕಿ ತೆರೆದುಕೊಂಡಾಗ ಅದಕ್ಕೆ ಬಡಿದು ಬಿದ್ದಳು. ಕಾರಿನವರು ಎರಡು ಸಾವಿರ ರೂಪಾಯಿ ಕೈಗಿಟ್ಟು, ಪೊಲೀಸು ಗಿಲೀಸು ಯಾಕಮ್ಮ ಎಂದು ಹೊರಟುಹೋದರು. ಕಂಪನಿಯ ಸಪೋರ್ಟಿನವರಿಗೆ ಫೋನ್ ಮಾಡಿದರೆ ಮೊದಲು ಕೇಳಿದ್ದು ಆರ್ಡರ್ ತಲುಪಿಸಲು ಆಗುತ್ತದೆಯೇ ಎಂದು. ಮಣಿಕಟ್ಟು ಮುರಿದದ್ದು ಎಕ್ಸ್‌ರೇಯಲ್ಲಿ ಗೊತ್ತಾಗುವ ಹೊತ್ತಿಗೆ ಕಾರೂ ಇಲ್ಲ, ಎಫ್‌ಐಆರೂ ಇಲ್ಲ. ಆ ಹೊತ್ತಿಗೆ ಎಲ್ಲಿದ್ದಳು, ಯಾವ ಆರ್ಡರ್ ಒಯ್ಯುತ್ತಿದ್ದಳು, ಹಿಂದಿನ ತಿಂಗಳುಗಳಲ್ಲಿ ಎಷ್ಟು ದುಡಿದಿದ್ದಳು ಎಂಬುದೆಲ್ಲ ಕಂಪನಿಯ ಕಂಪ್ಯೂಟರಿನಲ್ಲಿ ನಿಮಿಷ ನಿಮಿಷದ ಲೆಕ್ಕದಲ್ಲಿದೆ. ಕೇಳಿದರೆ ಕೊಡುವುದಿಲ್ಲ. ಇಮೇಲ್ ಕಳಿಸಿ ಎನ್ನುತ್ತಾರೆ, ಇಮೇಲಿಗೆ ಯಂತ್ರ ಉತ್ತರಿಸುತ್ತದೆ. ಆದಾಯಕ್ಕೆ ಪುರಾವೆಯಿಲ್ಲದಿದ್ದರೆ ನ್ಯಾಯಮಂಡಳಿಗಳು ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಾಲ್ಪನಿಕ ಆದಾಯದ ಪಟ್ಟಿ ನೋಡಿ ಅಂದಾಜು ಹಾಕುತ್ತವೆ. ದುಡಿದದ್ದು ಜಾಸ್ತಿ, ಸಿಗುವುದು ಪಟ್ಟಿಯ ಲೆಕ್ಕ. ತಡವಾದರೆ ಗ್ರಾಹಕನಿಗೆ ನಮ್ಮ ಬೈಕು ಯಾವ ತಿರುವಿನಲ್ಲಿ ನಿಂತಿದೆ ಎಂದು ತೋರಿಸಬಲ್ಲವರಿಗೆ, ಬಿದ್ದ ಜಾಗ ತೋರಿಸಲು ಏನು ಕಷ್ಟ?

ಈ ಪತ್ರ ನನ್ನ ಜೊತೆಯವರೂ ಓದುತ್ತಾರೆ, ಹಾಗಾಗಿ ನಡುವೆ ಅವರಿಗೆ ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ಗೆಳೆಯರೇ, ಬಿದ್ದ ಜಾಗದಲ್ಲಿ ರಾಜಿ ಬೇಡ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಗಾಯದ ದಾಖಲೆ) ಬರೆಯುವಾಗ ಡೆಲಿವರಿ ಕೆಲಸದಲ್ಲಿದ್ದೆ ಎಂದು ಬಾಯಿಬಿಟ್ಟು ಹೇಳಿ, ಗುದ್ದಿದ ವಾಹನದ ನಂಬರ್ ಹೇಳಿ. ಆರ್ಡರ್ ಇರುವ ಪರದೆ, ಆ ದಿನದ ಲಾಗಿನ್, ಕಳೆದ ತಿಂಗಳುಗಳ ಗಳಿಕೆ, ಇಷ್ಟರ ಸ್ಕ್ರೀನ್‌ಶಾಟ್ ಮನೆಯವರ ಫೋನಿಗೆ ಕಳಿಸಿ. ಐಡಿ ನಿಂತರೆ ಆಮೇಲೆ ಏನೂ ತೆರೆಯುವುದಿಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ 2025ರ ಮೇ ತಿಂಗಳ ಕೇಂದ್ರದ ಯೋಜನೆಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷದ ತನಕ ನಗದುರಹಿತ ಚಿಕಿತ್ಸೆಯಿದೆ, ಕೇಳಿ ಪಡೆಯಿರಿ. ನ್ಯಾಯಮಂಡಳಿಗೆ ಹೋಗುವುದಾದರೆ ಆರು ತಿಂಗಳೊಳಗೆ ಹೋಗಿ. ವೆಂಡರ್ ಅಥವಾ ಫ್ಲೀಟ್ ಮೂಲಕ ಸಂಬಳಕ್ಕೆ ಸೇರಿದವರು ನೀವಾದರೆ, ನಿಮ್ಮ ಕೈಯಲ್ಲಿ ಸಂಬಳದ ಸ್ಲಿಪ್ ಇದ್ದರೆ, ನಿಮ್ಮ ಸ್ಥಿತಿ ನಮಗಿಂತ ಗಟ್ಟಿ: ಉದ್ಯೋಗಿ ಪರಿಹಾರ ಕೇಳಲು ಎರಡು ವರ್ಷ ಸಮಯವಿದೆ, ಗುತ್ತಿಗೆದಾರ ಕೈಯೆತ್ತಿದರೂ ಕೆಲಸ ಮಾಡಿಸಿಕೊಂಡ ಮೂಲ ಕಂಪನಿ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಒಂದೇ ಅಪಘಾತಕ್ಕೆ ಎರಡೂ ಕಡೆ ಪರಿಹಾರ ಪಡೆಯುವಂತಿಲ್ಲ, ಹಾಗಾಗಿ ಯಾವುದು ಲಾಭ ಎಂದು ವಕೀಲರನ್ನು ಕೇಳಿ ಆರಿಸಿಕೊಳ್ಳಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ.

ಮಾನ್ಯರೇ, ಈಗ ನಮ್ಮ ಕೋರಿಕೆಗಳು.

ಕಲ್ಯಾಣ ನಿಧಿಯಿಂದ, ಕೆಲಸದ ವೇಳೆ ಗಾಯಗೊಂಡು ವೈದ್ಯರು ವಿಶ್ರಾಂತಿ ಬರೆದುಕೊಟ್ಟ ಪ್ರತಿಯೊಬ್ಬರಿಗೂ ಚೇತರಿಕೆಯ ಅವಧಿಗೆ ಭತ್ಯೆ ಕೊಡುವ ಯೋಜನೆ ರೂಪಿಸಿ. ಇಎಸ್‌ಐನ ಶೇ 90ರಷ್ಟು ಕೊಟ್ಟರೆ ಸಂತೋಷ. ಕನಿಷ್ಠ, ನೂರು ವರ್ಷ ಹಳೆಯ ಕಾಯ್ದೆಯ ಪ್ರಮಾಣಕ್ಕಿಂತ ಕೆಳಗಿಳಿಯಬೇಡಿ. ಲೆಕ್ಕವನ್ನು ಹಿಂದಿನ ಮೂರು ತಿಂಗಳ ನಿಜವಾದ ಗಳಿಕೆಯ ಮೇಲೆ, ಇನ್ಸೆಂಟಿವ್ ಸೇರಿಸಿ ಮಾಡಿ. ಹದಿನೈದು ದಿನಕ್ಕೊಮ್ಮೆ ಹಣ ಬರಲಿ. ಗುಣವಾಗಿ ಆರು ತಿಂಗಳಾದ ಮೇಲೆ ಒಟ್ಟಿಗೆ ಬರುವ ದುಡ್ಡು ಸಾಲಗಾರನ ಪಾಲು.

ಕೆಲಸದ ವೇಳೆ ಎಂದರೆ ಏನೆಂದು ನಿಯಮದಲ್ಲಿ ಬರೆಯಿರಿ. ಲಾಗಿನ್ ಆದ ಕ್ಷಣದಿಂದ ಲಾಗ್‌ಔಟ್ ಆಗುವವರೆಗೆ, ಆರ್ಡರಿಗಾಗಿ ಕಾಯುವ ಹೊತ್ತು, ತಲುಪಿಸಿ ಹಿಂತಿರುಗುವ ದಾರಿ, ಕೊನೆಯ ಆರ್ಡರ್ ಮುಗಿಸಿ ಮನೆ ಸೇರುವವರೆಗೆ ಎಲ್ಲವೂ ಅದರಲ್ಲಿ ಇರಬೇಕು. ಕಾರ್ಖಾನೆಯ ಕಾರ್ಮಿಕನಿಗೆ ಮನೆಯ ದಾರಿಯನ್ನೂ ಸೇರಿಸುವ ಕಾನೂನು ನಮ್ಮ ವಾಪಸ್ ದಾರಿಯನ್ನು ಬಿಡಬಾರದು.

ಗಾಯಗೊಂಡವರು ಅಥವಾ ಮನೆಯವರು ಕೇಳಿದ ಮೂರು ದಿನದೊಳಗೆ ಲಾಗಿನ್ ವಿವರ, ಆರ್ಡರ್ ಸಂಖ್ಯೆ, ಸ್ಥಳದ ದಾಖಲೆ, ಗಳಿಕೆಯ ಪ್ರಮಾಣಪತ್ರ ಮತ್ತು ಕಂಪನಿಯ ವಿಮೆಯ ಪಾಲಿಸಿ ಪ್ರತಿ ಕೊಡುವುದನ್ನು ಕಡ್ಡಾಯ ಮಾಡಿ. ಕೊಡದಿದ್ದರೆ ಆ ವ್ಯಕ್ತಿ ಕೆಲಸದಲ್ಲೇ ಇದ್ದನೆಂದು ಮಂಡಳಿ ಭಾವಿಸಬೇಕು. ಅಲ್ಲವೆಂದು ಸಾಬೀತುಪಡಿಸುವ ಹೊಣೆ ಕಂಪನಿಯದಾಗಲಿ. ನನ್ನ ಮಟ್ಟಿಗೆ ಭತ್ಯೆಯಷ್ಟೇ ಮುಖ್ಯವಾದದ್ದು ಇದು.

ಚಿಕಿತ್ಸೆಯಲ್ಲಿರುವವರ ಐಡಿ ನಿಲ್ಲಬಾರದು, ದರ್ಜೆ ಇಳಿಯಬಾರದು. ಸೇರುವಾಗಲೇ ಅಪಘಾತವಾದರೆ ಯಾರಿಗೆ ತಿಳಿಸಬೇಕು, ಏನೇನು ಸಿಗುತ್ತದೆ ಎಂಬುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಕೊಡಲಿ. ಸಂಬಳದ ಉದ್ಯೋಗಿಗಳಿಗೆ ಪರಿಹಾರದ ಹಕ್ಕನ್ನು ಬರಹದಲ್ಲಿ ತಿಳಿಸಬೇಕೆಂಬ ನಿಯಮ 2017ರಿಂದ ಇದೆ, ನಮಗೂ ಅದು ಬರಲಿ. ಬೈಕ್ ವಿಮೆಯ ಆ ‘ಬಳಕೆ’ಯ ಷರತ್ತಿನ ಬಗ್ಗೆ ರಾಜ್ಯ ಸರ್ಕಾರ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಪತ್ರ ಬರೆದು, ಕೈಗೆಟಕುವ ಕಂತಿನಲ್ಲಿ ಡೆಲಿವರಿ ಬಳಕೆಯನ್ನು ಸೇರಿಸುವ ಪಾಲಿಸಿ ಕೇಳಬೇಕು, ಹೆಚ್ಚುವರಿ ಕಂತನ್ನು ಕಂಪನಿ ಭರಿಸಲಿ. ಬೆಂಗಳೂರಿನ ಸಂಜಯ್ ಗಾಂಧಿ ಅಸ್ಥಿ ಆಘಾತ ಸಂಸ್ಥೆ, ವಿಕ್ಟೋರಿಯಾ, ಹಾಗೆಯೇ ಮೈಸೂರು, ಹುಬ್ಬಳ್ಳಿ, ಮಂಗಳೂರಿನ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಮಂಡಳಿಯ ಒಬ್ಬ ಸಹಾಯಕ ಕುಳಿತರೂ ಸಾಕು, ಅರ್ಧ ಕ್ಲೇಮುಗಳು ಕಾಗದದ ಕೊರತೆಯಿಂದ ಸಾಯುವುದು ತಪ್ಪುತ್ತದೆ.

ಇದರಿಂದ ಕಂಪನಿಗಳಿಗೆ ಹೊರೆಯಾಗುತ್ತದೆ ಎಂಬ ಮಾತು ತಮ್ಮ ಮುಂದೆ ಬರುತ್ತದೆ. ಬಂದೇ ಬರುತ್ತದೆ. ಈ ಕೆಲಸದಲ್ಲಿ ಸ್ವಾತಂತ್ರ್ಯವಿದೆ, ಬೇಕಾದಾಗ ಬರಬಹುದು, ಬೇಡವಾದಾಗ ಬಿಡಬಹುದು ಎಂದೂ ಹೇಳುತ್ತಾರೆ. ಬೈಕು ನಮ್ಮದು, ಪೆಟ್ರೋಲು ನಮ್ಮದು, ಫೋನು ನಮ್ಮದು, ಮಳೆಯಲ್ಲಿ ನೆನೆಯುವ ಮೈ ನಮ್ಮದು. ಬಿದ್ದ ಮೇಲಿನ ಮೂರು ತಿಂಗಳನ್ನೂ ನಮ್ಮ ಖಾತೆಗೇ ಬರೆದರೆ ಕಂಪನಿಯ ಖಾತೆಯಲ್ಲಿ ಉಳಿಯುವುದು ಲಾಭ ಮಾತ್ರ. ನೀತಿ ಆಯೋಗವೇ 2022ರ ವರದಿಯಲ್ಲಿ, ದೇಶದಲ್ಲಿ 2020-21ಕ್ಕೆ 77 ಲಕ್ಷವಿದ್ದ ಗಿಗ್ ಕಾರ್ಮಿಕರು 2029-30ಕ್ಕೆ 2.35 ಕೋಟಿ ಆಗುತ್ತಾರೆ ಎಂದು ಅಂದಾಜಿಸಿದೆ. ಅಷ್ಟು ಜನರ ಮುರಿದ ಮೂಳೆಗಳ ಖರ್ಚನ್ನು ಇವತ್ತು ಹೊರುತ್ತಿರುವುದು ಅವರ ಹೆಂಡತಿಯರ ಒಡವೆ ಮತ್ತು ಅಣ್ಣತಮ್ಮಂದಿರ ಕೈಸಾಲ.

ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಚೇತರಿಕೆ ಭತ್ಯೆ ಮತ್ತು ದಾಖಲೆಗಳ ಹಕ್ಕು, ಈ ಎರಡು ವಿಷಯಗಳನ್ನು ಸೇರಿಸಬೇಕೆಂದು ಕೋರುತ್ತೇನೆ. ಸೇರಿಸಲು ಆಗುವುದಿಲ್ಲವೆಂದರೆ ಯಾಕೆ ಆಗುವುದಿಲ್ಲ ಎಂಬುದನ್ನು ಬರಹದಲ್ಲಿ ತಿಳಿಸಿ. ಕಾಯ್ದೆಯ ಯಾವ ಸೆಕ್ಷನ್ ಅಡ್ಡ ಬರುತ್ತದೆಂದು ಗೊತ್ತಾದರೆ ತಿದ್ದುಪಡಿ ಕೇಳಲು ನಮಗೂ ಅನುಕೂಲ. ನನ್ನ ಬಳಿಯಿರುವ ಕಾಗದಗಳನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಮಂಡಳಿ ಕರೆದ ದಿನ ತಂದು ತೋರಿಸಲು ಸಿದ್ಧನಿದ್ದೇನೆ. ಮಧ್ಯಾಹ್ನ ಮೂರರಿಂದ ಆರರ ನಡುವೆ ಕರೆದರೆ ಒಳ್ಳೆಯದು, ಆ ಹೊತ್ತಿನಲ್ಲಿ ಆರ್ಡರ್ ಕಡಿಮೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಡೆಲಿವರಿ ಕೆಲಸಗಾರ